ಕಾಲು ಗಂಟೆಗೊಮ್ಮೆ ಬೀಳುವವನು

"ರೀ, ಚಪ್ಪಲಿ ಕಥಿ ಇವತ್ತೊಂದಿನ ಬ್ಯಾಡ್ರಿ," ಎಂದಳು ನೇತ್ರಾ, ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತ. "ವಿನೋದಾ ಮೇಡಂ ಬರಾಕತ್ತಾರ. ರವಿವಾರದಿಂದ ನಾ ಅವರ ಕೈಕೆಳಗ ಕೆಲಸ ಮಾಡಬೇಕು. ಅವರ ಮುಂದ ನನ್ನ ಮಾನ ಕಳೀಬ್ಯಾಡ್ರಿ."

"ಹೂಂ," ಎಂದ ಶಿವಪ್ರಕಾಶ, ಟಿವಿಗೆ ಫೋನ್ ಜೋಡಿಸುತ್ತ. ಆ 'ಹೂಂ'ಗೆ ಎಷ್ಟು ಕಿಮ್ಮತ್ತು ಎಂಬುದು ಒಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿತ್ತು. ಆದರೂ ಕೇಳಿಕೊಂಡಿದ್ದಳು.

ಕಂಪನಿಯ ತರಬೇತಿಗೆಂದು ಬ್ರಿಸ್ಟಲ್‌ಗೆ ಹೋಗಿದ್ದ ಶಿವಪ್ರಕಾಶ ಒಂದು ಶನಿವಾರ ಹೆಂಡತಿಯನ್ನು ಕರೆದುಕೊಂಡು ವೆಲ್ಸ್ ನೋಡಿ ಬಂದಿದ್ದ. ಇಂಗ್ಲೆಂಡಿನ ಪುಟ್ಟ ಊರು ಅದು. ಎಂಟುನೂರು ವರ್ಷದ ದೊಡ್ಡ ಚರ್ಚು, ಅದಕ್ಕೊಬ್ಬ ಬಿಷಪ್ಪು ಇರುವುದರಿಂದ ನಗರ ಎಂಬ ಪದವಿ. ಅಲ್ಲಿ ಇವನು ಇದ್ದದ್ದು ನಾಲ್ಕು ಗಂಟೆ, ಅದರಲ್ಲೊಂದು ಗಂಟೆ ಊಟದ ಸಾಲಿನಲ್ಲಿ. ಒಮಾನಿನ ಅಲ್ ಮವಾಲೇಹ್‌ನ ಫ್ಲ್ಯಾಟಿನಲ್ಲಿ ಅದರ ಮೇಲೆ ನಡೆದ ಉಪನ್ಯಾಸ ಮಾತ್ರ ನಲವತ್ತು ಗಂಟೆ ದಾಟಿರಬೇಕು. ಮನೆಗೆ ಬಂದವರಿಗೆ ಚಹಾ ಸಿಗುತ್ತಿದ್ದುದು ಬಿಷಪ್ಪನ ಅರಮನೆ ಮುಗಿದ ಮೇಲೆಯೇ.

ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಸಂಜೆ ಐದಕ್ಕೆ ವಿನೋದಾ ಬಂದರು. ವಾದಿ ಕಬೀರಿನ ಶಾಲೆಯೊಂದರಲ್ಲಿ ಪ್ರೈಮರಿ ವಿಭಾಗದ ಮುಖ್ಯಸ್ಥೆ, ಉಡುಪಿ ಕಡೆಯವರು. ಜೊತೆಗೆ ಗಂಡ ಅಂಗಾರ, ಕೈಯಲ್ಲಿ ಹಲ್ವಾದ ಡಬ್ಬಿ. ಅವರು ಕುಳಿತದ್ದೇ ತಡ, ಪರದೆಯ ಮೇಲೆ ವೆಲ್ಸ್ ಬಂತು.

"ನೋಡ್ರಿ ಮೇಡಂ, ಪ್ಯಾಟಿ ರಸ್ತೆ ಬಾಜೂಕ ಬುಗ್ಗೆ ನೀರು ಹರೀತದ. ಐದನೂರು ವರ್ಷದ ಹಿಂದ ಬಿಷಪ್ ಊರಿಗೆ ಕೊಟ್ಟದ್ದು. ಹಿಸ್ಟರಿ ಅಂದ್ರ ಇದು!"

"ಇಲ್ಲಿನ ರುಸ್ತಾಕ್‌ನಲ್ಲೂ ಉಂಟಲ್ಲ ಹಾಗೇ? ಫಲಜ್ ಅಂತ ಹೇಳ್ತಾರೆ," ಎಂದರು ವಿನೋದಾ. "ಖರ್ಜೂರದ ತೋಟಗಳಿಗೆ ಕಾಲುವೆಯಲ್ಲಿ ನೀರು ಬಿಡುದು. ಅದೂ ನೂರಾರು ವರ್ಷದ್ದೇ."

"ಅದು ಬ್ಯಾರೆ ಬಿಡ್ರಿ. ಅದು ಬರೇ ನೀರು."

ಹನ್ನೊಂದು ವರ್ಷ ಒಮಾನಿನ ಅನ್ನ ಉಂಡ ಈ ಮಹಾಶಯ ರುಸ್ತಾಕಿಗೆ ಒಮ್ಮೆಯೂ ಹೋಗಿರಲಿಲ್ಲ. ಮುಂದಿನ ಚಿತ್ರಕ್ಕೆ ಚರ್ಚಿನ ಬಾಗಿಲು ಬಂತು. ನೇತ್ರಾ ಬಜ್ಜಿಯ ತಟ್ಟೆ ಹಿಡಿದು ನಿಂತಲ್ಲೇ ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ.

"ಇಲ್ಲೇ ನೋಡ್ರಿ, ನಮ್ಮ ಮೇಡಮ್ಮಾರು ಚಪ್ಪಲಿ ಕಳದಿಟ್ಟದ್ದು! ಹಣಮಪ್ಪನ ಗುಡಿ ಅಂತ ತಿಳದಾಳ! ಬರಿಗಾಲಿಲೆ ಒಳಗ ಹೊಂಟಾಳ, ಹಿಂದಿಂದ ಒಬ್ಬಾಕಿ ಮುದುಕಿ ಚಪ್ಪಲಿ ಎತ್ಕೊಂಡು ಓಡಿ ಬರಾಕತ್ಯಾಳ! ಮೂರು ಸಲ ಸಾರಿ ಅಂದೆ ನಾ. ಇಕಿ ಇನ್ನ ಸಾಲಿ ಕಲಸ್ತಾಳಂತ!"

ಅಂಗಾರ ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ಜೋರಾಗಿ ನಕ್ಕ. ವಿನೋದಾ ಕೂಡ ಸಣ್ಣಗೆ ನಕ್ಕರು. ನೇತ್ರಾಳ ಕಿವಿ ಬಿಸಿಯಾಯಿತು. ಇಷ್ಟು ಜನರ ಮುಂದೆ ಇಷ್ಟು ಸಲ ಕೇಳಿದ ಕಥೆ, ಅವಮಾನ ಮಾತ್ರ ಪ್ರತಿ ಸಲವೂ ಹೊಸದು.

ಆಮೇಲೆ ಗಡಿಯಾರದ ವಿಡಿಯೋ. ಚರ್ಚಿನೊಳಗಿನ ಆರುನೂರು ವರ್ಷದ ಗಡಿಯಾರ. ಮೇಲೆ ಮರದ ಕುದುರೆ ಸವಾರರು ಗರಗರ ಸುತ್ತುತ್ತಾರೆ, ಒಬ್ಬ ಏಟು ತಿಂದು ಹಿಂದಕ್ಕೆ ಮಲಗುತ್ತಾನೆ.

"ಕಾಲು ತಾಸಿಗೊಮ್ಮೆ ಇದಽ ಆಟ ನೋಡ್ರಿ!"

"ಪ್ರತಿ ಸಲ ಇವನೇ ಬೀಳುದಾ?" ವಿನೋದಾ ಕೇಳಿದರು. "ಪಾಪ, ಒಂದು ಸಲ ಸಹ ಗೆಲ್ಲುದಿಲ್ವಾ ಮಾರಾಯ್ರೆ?"

"ಗೆಲ್ಲೂದು ಎಲ್ಲಿದ್ರಿ! ಬೀಳೂದಽ ಅವನ ಕೆಲಸ. ಅದನ್ನ ನೋಡಿ ನಗಾಕಽ ಜನ ಬರ್ತಾರ."

ಚರ್ಚಿನ ಒಳಗಿನ ಕಲ್ಲು ಮೆಟ್ಟಿಲುಗಳ ಚಿತ್ರ ಬಂದಾಗ ಶಿವಪ್ರಕಾಶನ ದನಿ ಇನ್ನೊಂದು ಸುತ್ತು ದಪ್ಪಗಾಯಿತು. ಮೆಟ್ಟಿಲುಗಳು ನಡುವೆ ತಗ್ಗಾಗಿದ್ದವು. "ಫೌಂಡೇಶನ್ ಕುಸದದ್ರಿ ಇದು. ನಾ ಸ್ಟ್ರಕ್ಚರಲ್ ಎಂಜಿನಿಯರ್ ಅದೀನಲ್ರಿ, ನೋಡಿದ ಕೂಡ್ಲೆ ಗೊತ್ತಾತು."

"ಕುಸದಿಲ್ಲ," ಎಂದಳು ನೇತ್ರಾ.

ಮೂವರೂ ಅವಳತ್ತ ತಿರುಗಿದರು.

"ಸವದಾವ. ಜನ ಹತ್ತಿ ಇಳದು ಸವದಾವ. ನಡುವ ಹೆಚ್ಚು, ಗ್ವಾಡಿ ಕಡೆ ಕಡಿಮಿ. ನಮ್ಮ ಗುಡಿ ಹೊಸ್ತಿಲು ಸವೀತದಲ್ಲ, ಹಂಗ. ನಾ ಚಪ್ಪಲಿ ಕೈಯಾಗ ಹಿಡ್ಕೊಂಡು ಬರಿಗಾಲಿಲೆ ಹತ್ತೀನಿ. ಕಾಲಿಟ್ರ ತಗ್ಗಿನಾಗ ಬರಾಬರಿ ಕೂಡ್ತದ, ನುಣ್ಣಗ. ಎಷ್ಟು ನೂರು ವರ್ಷದ ಮಂದಿ ಅಲ್ಲೇ ಕಾಲಿಟ್ಟಾರೋ. ಬೂಟ್ ಹಾಕ್ಕೊಂಡು, ಫೋನ್ ನೋಡ್ಕೋತ ಹತ್ತಿದವರಿಗೆ ಅದು ತಿಳಿಯೂದಿಲ್ಲ."

ವಿನೋದಾ ತಟ್ಟೆಯನ್ನು ಕೆಳಗಿಟ್ಟರು. ಎದ್ದು ಪರದೆಯ ಹತ್ತಿರ ಹೋಗಿ ಮೆಟ್ಟಿಲುಗಳನ್ನು ನೋಡಿದರು. "ಹೌದಲ್ಲ! ಟೀಚರ್, ಆದಿತ್ಯವಾರ ಮಕ್ಕಳಿಗೆ ಮೊದಲ ಪಾಠ ಇದೇ ಇರಲಿ. ಚಪ್ಪಲಿದ್ದೂ ಸೇರಿಸಿಯೇ ಹೇಳಿ."

ನೇತ್ರಾಳನ್ನು ಯಾರಾದರೂ ಟೀಚರ್ ಎಂದು ಕರೆದದ್ದು ಅದೇ ಮೊದಲು. ಅವಳಿಗೆ ಕಣ್ಣು ತುಂಬಿ ಬಂತು, ಖುಷಿಗೇ. ಶಿವಪ್ರಕಾಶ ಮಾತ್ರ ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಮರಳಿಸಿದ. ಎಂಜಿನಿಯರಿಂಗ್ ವಿಷಯದಲ್ಲಿ, ಅದೂ ತನ್ನ ಸ್ವಂತ ವೆಲ್ಸಿನಲ್ಲಿ, ಹೆಂಡತಿಯ ಅಂಗಾಲಿಗೆ ಸೋಲುವುದೆಂದರೇನು! ಒಂದೆರಡು ಗುಟುಕು ನೀರು ಕುಡಿದು, ಫೋನ್ ಒತ್ತಿ, ಮತ್ತೆ ಹುರುಪು ತಂದುಕೊಂಡ.

"ಇರ್ಲಿ, ಇರ್ಲಿ! ಇಕಿದು ಇನ್ನೊಂದು ಮಜಾ ಹೇಳ್ತೀನಿ ಕೇಳ್ರಿ ಮೇಡಂ. ಅಲ್ಲೆ ಅರಮನಿ ಕಂದಕದಾಗ ಹಂಸಗಳು ಹಸದ್ರ ತಾವಽ ಗಂಟಿ ಬಾರಸ್ತಾವ. ಅದನ್ನ ನೋಡಿ ಈ ಶ್ಯಾಣ್ಯಾಕಿ ಏನಂದ್ಲು ಅಂದ್ರ..."

ನೇತ್ರಾ ಗೋಡೆಯ ಗಡಿಯಾರದತ್ತ ತಲೆ ಎತ್ತಿದಳು.

"ಮತ್ತ ಕಾಲು ತಾಸು ಆತೇನ್ರಿ?"