ಮುಳ್ಳು ಹಾಕಿದ ಮನೆ

ಹಿತ್ತಿಲ ಬಾಗಿಲು ತೆಗೆದು ಒಳಗೆ ಕಾಲಿಟ್ಟ ಪಾಪಯ್ಯನ ಮೂಗಿಗೆ ಮೊದಲು ಬಡಿದದ್ದು ನೀಲಗಿರಿ ಎಣ್ಣೆಯ ವಾಸನೆ. ಆರು ತಿಂಗಳು ಮುಚ್ಚಿದ್ದ ಮನೆಯಲ್ಲಿ ಧೂಳಿನ ವಾಸನೆ ಇರಬೇಕಿತ್ತು, ಇಲಿಯದಾದರೂ ಇರಬೇಕಿತ್ತು. ಇದು ಅವ್ವನ ಮಂಡಿಗೆ ಹಚ್ಚುತ್ತಿದ್ದ ಎಣ್ಣೆ. ಅವ್ವ ಸತ್ತೇ ಆರು ತಿಂಗಳಾಗಿತ್ತು.

ಎಂಬತ್ತು ವರ್ಷ ಒಬ್ಬರಿಗೂ ಕೆಟ್ಟದ್ದು ಬಯಸದೆ ಬಾಳಿದ ಅವ್ವ ಲಕ್ಕಮ್ಮ ಸತ್ತ ಗಳಿಗೆ ಮಾತ್ರ ಕೆಟ್ಟದ್ದಾಗಿಬಿಟ್ಟಿತು. ಧನಿಷ್ಠಾ ನಕ್ಷತ್ರ, ಆರು ತಿಂಗಳು ಮನೆ ಬಿಡದಿದ್ದರೆ ಇನ್ನೊಂದು ಜೀವ ಹೋಗುತ್ತದೆ ಎಂದರು ಪುರೋಹಿತರು. ಪಾಪಯ್ಯ ಮುಂಬಾಗಿಲಿಗೆ ಜಾಲಿಮುಳ್ಳು ಬಡಿದು, ಹೆಂಡತಿ ಭಾಗ್ಯಮ್ಮನನ್ನೂ ಮಕ್ಕಳನ್ನೂ ಕಟ್ಟಿಕೊಂಡು ತ್ಯಾಮಗೊಂಡ್ಲಿನ ಮಾವನ ಮನೆ ಸೇರಿದ. ಆದರೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಅದಕ್ಕೆ ಇಲಿ ಹತ್ತದಂತೆ ಯಾರು ನೋಡಿಕೊಳ್ಳುವುದು? ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಒಬ್ಬರಿಗೂ ಒಳಗೆ ಹೋಗುವ ಎದೆ ಇರಲಿಲ್ಲ. ಪಕ್ಕದ ಮನೆಯ ಆರೋಗ್ಯಮ್ಮ ಚರ್ಚಿಗೆ ಹೋಗುವವರು, ಅವರಿಗೆ ನಕ್ಷತ್ರದ ಕಾಟವಿಲ್ಲ ಎಂದು ಹಿತ್ತಿಲ ಬಾಗಿಲಿನ ಬೀಗದ ಕೈ ಅವರಿಗೆ ಕೊಟ್ಟು ಹೋಗಿದ್ದ.

ನಾಳೆ ಹೋಮ, ನಾಡಿದ್ದು ಮನೆಯವರೆಲ್ಲ ವಾಪಸ್ಸು. "ಒಳಗೆ ಒಂಚೂರು ಹೆಚ್ಚುಕಮ್ಮಿ ಕಂಡ್ರೂ ನಾನು ಹೊಸ್ಲು ದಾಟಲ್ಲ, ನೋಡ್ಕೊಂಡ್ ಬನ್ನಿ" ಎಂದು ಭಾಗ್ಯಮ್ಮ ಹೇಳಿ ಕಳಿಸಿದ್ದಳು. ಮಾವನ ಮನೆಯಲ್ಲಿ ಇನ್ನೊಂದು ದಿನ ಕೂತು ಉಣ್ಣುವ ಮುಖ ಪಾಪಯ್ಯನಿಗೆ ಉಳಿದಿರಲಿಲ್ಲ.

ಮಗ್ಗದ ಮೇಲೆ ಜೇಡರಬಲೆ ಕೂಡ ಇರಲಿಲ್ಲ. ಆದರೆ ಮೂಲೆಯಲ್ಲಿ ಒಂದು ಚಾಪೆ ಹಾಸಿತ್ತು. ಅವ್ವನ ಚಾಪೆಯನ್ನು ಅವನೇ ಸುಟ್ಟಿದ್ದ, ಇದು ಬೇರೆ. ಮಂಡಿ ಬರುವ ಜಾಗದಲ್ಲಿ ಎರಡು ಗುಂಡನೆಯ ಎಣ್ಣೆ ಕಲೆ. ಪಕ್ಕದಲ್ಲಿದ್ದ ಎಣ್ಣೆಯ ಬಟ್ಟಲನ್ನು ಮುಟ್ಟಿದ. ಬೆಚ್ಚಗಿತ್ತು.

"ಯಾರನ್ನ ಇಟ್ಕೊಂಡಿದ್ರಿ ಇಲ್ಲಿ?" ಎಂದ, ಬಾಗಿಲಲ್ಲಿ ನಿಂತಿದ್ದ ಆರೋಗ್ಯಮ್ಮನ ಕಡೆ ತಿರುಗಿ.

"ನಾನ್ಯಾರನ್ನ ಇಟ್ಕೊಳ್ಳಲಿ ಪಾಪಣ್ಣ? ನಿಮ್ಮವ್ವಾರೇ."

"ಅವ್ವ ಸತ್ತೋಗವ್ರೆ. ಮಣ್ಣಿಗೆ ನೀವೂ ಬಂದಿದ್ರಿ."

"ಬಂದಿದ್ದೆ. ನೀವು ಹೋದ ಮಾರನೇ ದಿನ ಇಲಿ ನೋಡಾಣಾಂತ ಬಂದ್ರೆ, ಮೂಲೇಲಿ ನರಳೋ ಸದ್ದು. ನಾನೂ ಹೆದರ್ಕೊಂಡೆ, ಸುಳ್ಯಾಕೆ ಹೇಳ್ಲಿ. ಓಡೋಗಿ ಜಪಮಾಲೆ ಹಿಡ್ಕೊಂಡು ಕೂತ್ಬಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ನಾಚ್ಕೆಯಾಯ್ತು. ಕಾಯಿಲೆಯವರನ್ನ ನೋಡ್ಕೊಳ್ಳಿ ಅಂತ ಯೇಸುಸ್ವಾಮಿ ಹೇಳವ್ರೆ. ಎಲ್ಲೀತನಕ ಅಂತ ಹೇಳಿಲ್ವಲ್ಲ? ಎಣ್ಣೆ ಬಿಸಿ ಮಾಡ್ಕೊಂಡು ಬಂದು ಅವರು ಬದುಕಿದ್ದಾಗ ನಾನು ತೀಡ್ತಿದ್ದಂಗೇ ಮಂಡಿ ತೀಡ್ದೆ. ನರಳಾಟ ನಿಂತೋಯ್ತು. ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ."

ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಲು ಪಾಪಯ್ಯ ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಹೆದರಿಕೆಯ ಅಡಿಯಿಂದ ದುಃಖ ಒತ್ತರಿಸಿ ಬಂತು. ತನ್ನ ಅವ್ವನನ್ನು ಪರರು ನೋಡಿಕೊಂಡಿದ್ದರು, ತಾನು ಮುಳ್ಳು ಬಡಿದು ಹೋಗಿದ್ದ.

"ಮಾತಾಡ್ತಾರಾ?" ಎಂದ, ಮೆಲ್ಲಗೆ.

"ಒಂದೇ ಮಾತು. ಮನೆಮಂದಿಯೆಲ್ಲಾ ನನ್ನೊಬ್ಬಳನ್ನೇ ಬಿಟ್ಟು ಯಾಕೆ ಎದ್ದೋದ್ರು, ನಾನೇನು ತಪ್ಪು ಮಾಡ್ದೆ ಅಂತ ಕೇಳ್ತಾರೆ. ಸತ್ತಿರೋದು ಅವರಿಗೆ ಗೊತ್ತಿಲ್ಲ ಪಾಪಣ್ಣ. ಅದನ್ನ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಊರಿಗೆ ಹೋಗವ್ರೆ, ಬರ್ತಾರೆ ಅಂತಿದ್ದೆ."

ಪಾಪಯ್ಯ ಚಾಪೆಯ ಕಡೆ ನೋಡಲಾರದೆ ನಿಂತ. ಆರೋಗ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಅವರಿಗೆ ನೀವೇ ಹೇಳಿ. ನಿಮ್ಮ ದನಿ ಕೇಳಿ ಈ ಕಡೆ ಹೊರಳವ್ರೆ."