ಕಿಟಕಿ ಸೀಟಿನ ಬೆಟ್ಟ

ಲೋಕಲ್ ರೈಲಿನ ಡಬ್ಬಾದ ಮಾತು ಡಬ್ಬಾದಲ್ಲೇ ಇರಬೇಕು. ಹೊರಗೆ ಹೇಳುತ್ತಿರುವುದು ತಪ್ಪೇ; ಕ್ಷಮಿಸಬೇಕು.

“ಬಸ್ಸು ಬಿಡ್ತದ್ರೀ, ಓಡ್ರಿ!” ಎಂದು ಮಯೂರಿ ಗಂಡನನ್ನು ಕೂಗಿದಳು.

ಗುರುರಾಜ ಓಡಲಿಲ್ಲ. ಇಂಡೋನೇಷ್ಯಾದ ಒಂದು ದ್ವೀಪದಲ್ಲಿ, ಸೆರಂಗಿ ಜ್ವಾಲಾಮುಖಿಯ ಬುಡಕ್ಕೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರು ದಿಕ್ಕಿಗೆ ಹೊರಟ ಬಸ್ಸು ಖಾಲಿ.

“ಇದನ್ನ ಹತ್ತೂಣು. ಕಡೀ ಸ್ಟಾಪಿಗೆ ಹೋಗಿ ಇದೇ ತಿರುಗಿ ಬರ್ತದ. ಡೊಂಬಿವಲಿಯಾಗ ದಿನಾ ಮಾಡೂದಲ್ಲೇನು?”

ದಿನಾ ಮಾಡುವುದೇ. ಮುಂಬಯಿಗೆ ಹೋಗಬೇಕಾದವನು ಬೆಳಿಗ್ಗೆ ಡೊಂಬಿವಲಿಯಿಂದ ಹಿಂದಕ್ಕೆ, ಕಲ್ಯಾಣಕ್ಕೆ ಹೋಗುತ್ತಾನೆ. ಅದೇ ಲೋಕಲ್ ತಿರುಗುವಾಗ ಸೀಟು ಬಿಡದೆ ಕೂತಿರುತ್ತಾನೆ. ಈ ವಿದ್ಯೆ ಕಲಿಸಿದವರು ಡಬ್ಬಾದ ಹಿರಿಯರು, ಅಂಬಾರಾಯರು. ಎರಡು ವರ್ಷದ ಹಿಂದೆ ಸೆರಂಗಿ ಹತ್ತಿ ಬಂದು, ತುದಿಯ ಫೋಟೋ ತೋರಿಸಿ ತೋರಿಸಿ ಎಲ್ಲರ ತಲೆ ತಿಂದವರೂ ಅವರೇ. ಫೋಟೋದಲ್ಲಿ ಅವರ ಹಿಂದೆ ಕಾಣುವ ಇನ್ನೂ ಎತ್ತರದ ಶಿಖರ ಯಾವುದೆಂದು ಕೇಳಿದರೆ, “ಅದು ಬಾಜೂದ ಗುಡ್ಡ.”

“ಗುರುರಾಜ, ನಿಮಗ ಠಾಕುರ್ಲಿ ಸೇತುವೇನ ಸೆರಂಗಿ! ಇಂಥಾ ಫೋಟೋ ತಂದ್ರ ನನ್ನ ಕಿಟಕಿ ಸೀಟು ನಿಮ್ದು,” ಎಂದು ಅವರು ಕೆಣಕಿದ್ದರು.

ಆ ಸೀಟಿಗಾಗಿ ಗುರುರಾಜ ಆರು ತಿಂಗಳು ಅಭ್ಯಾಸಕ್ಕೆಂದು ಠಾಕುರ್ಲಿ ಸ್ಟೇಷನ್ನಿನ ಆ ಸೇತುವೆಯನ್ನೇ ಹತ್ತಿ ಇಳಿದಿದ್ದ.

ಖಾಲಿ ಬಸ್ಸಿನಲ್ಲಿ ಇಬ್ಬರಿಗೂ ನಿದ್ದೆ ಹತ್ತಿತು. ಡ್ರೈವರ್ ಎಬ್ಬಿಸಿದಾಗ ಎದುರಿಗೇ ಬೆಟ್ಟ. ಅವನು ಕಾಲುದಾರಿ ತೋರಿಸಿ ನಕ್ಕ.

ಕಪ್ಪು ಲಾವಾ ಕಲ್ಲು, ಅದರ ಮೇಲೆ ಪಾಚಿ, ಛತ್ರಿಯಷ್ಟಗಲದ ಜರೀಗಿಡ. ಬೇರು ಹಿಡಿದು, ಜಿಗಣೆ ಕಿತ್ತೆಸೆದು ಹತ್ತಬೇಕು.

“ಆ ತುಂಬಿದ ಬಸ್ಸಿನ ಮಂದಿ ಒಬ್ರೂ ಕಾಣವಲ್ರು?” ಎಂದಳು ಮಯೂರಿ.

“ನಿಂತು ಬಂದವ್ರು. ದಣಿದು ಬುಡದಾಗ ಕೂತಿರ್ತಾರ.”

ಮೂರು ತಾಸಿಗೆ ತುದಿ. ಗುರುರಾಜ ಮೊಬೈಲಿನಲ್ಲಿ ಅಂಬಾರಾಯರ ಫೋಟೋ ತೆರೆದು ನೋಡಿದ. ಅದೇ ನೀಲಿ ಬೆಂಚು. ಅದರ ಅದೇ ಮುರಿದ ಕಾಲು. ಹಿಂದೆ ಅದೇ ಶಿಖರ. ಅವನ ಕಣ್ಣು ತುಂಬಿತು.

“ಹೊಡಿ ಫೋಟೋ! ಕಿಟಕಿ ನಂದು!”

ಫೋಟೋ ಹೊಡೆದ ಮಯೂರಿ, ಚಹಾ ಮಾರುತ್ತಿದ್ದ ಮುದುಕಿಗೆ ಆ ಎತ್ತರದ ಶಿಖರ ತೋರಿಸಿ ಹೆಸರು ಕೇಳಿದಳು.

“ಸೆರಂಗಿ,” ಎಂದಳು ಮುದುಕಿ.

ಬಸ್ಸು ತಿರುಗಿರಲೇ ಇಲ್ಲ; ಇವರು ಹತ್ತಿದ್ದು ಬಾಜೂದ ಗುಡ್ಡ.

ಊರಿಗೆ ಬಂದ ಸೋಮವಾರ ಅಂಬಾರಾಯರು ಗುರುರಾಜನ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲನೆ ಕೇಳಿದರು: “ಹೋಗೂವಾಗ ಬಸ್ಸಿನ್ಯಾಗ ಸೀಟು ಸಿಕ್ಕಿತ್ತೇನ್ರಿ?”

“ಸಿಕ್ಕಿತ್ರಿ. ನಿಮಗ?”

ಅಂಬಾರಾಯರು ಎದ್ದು ಕಿಟಕಿ ಬಿಟ್ಟುಕೊಟ್ಟರು. ಅದು ಸೆರಂಗಿಯಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತೋ, ಆಗ ತಾನೇ ಗೊತ್ತಾಯಿತೋ, ಗುರುರಾಜನಿಗೆ ಇವತ್ತಿಗೂ ಗೊತ್ತಿಲ್ಲ.