ಫ್ಯಾನಿಗೆ ಬಿದ್ದ ಅಕ್ಷತೆ

ಕುಂಕುಮ ಕಲಸಿದ ಅಕ್ಕಿಯ ವಾಸನೆಗೆ ನನಗೆ ಇಂದಿಗೂ ಶಿರಸಿ ಮನೆಯ ಕಂಪ್ಯೂಟರ್ ನೆನಪಾಗುತ್ತದೆ.

ಅಮ್ಮ ಅದರಲ್ಲಿ ಊರವರ ಮದುವೆ ಕಾಗದ ಟೈಪ್ ಮಾಡಿಕೊಡುತ್ತಿದ್ದಳು. ಆಯುಧಪೂಜೆ ಕಳೆದ ಮೇಲೆ ಒಂದು ಮಧ್ಯಾಹ್ನ ಅದು ಗುರ್ ಎಂದು ಮತ್ತೆ ಮತ್ತೆ ಆರಿಹೋಗತೊಡಗಿತು. ಸಂಜೆಯೇ ಗಿರಾಕಿ ಬರುವವರಿದ್ದರು. ಅಮ್ಮ ಪ್ಲಗ್ ನೋಡಿದಳು, ವಯರುಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು. ಕೊನೆಗೆ ಮುಚ್ಚಳ ತೆಗೆದು ಒಳಗಿನ ಫ್ಯಾನನ್ನು ಬೆರಳಿನಿಂದ ತಿರುಗಿಸಿದಳು. ಅದು ಅಲುಗಲಿಲ್ಲ. ರೆಕ್ಕೆಗಳ ಸಂದಿಯಲ್ಲಿ ಕೆಂಪು ಅಕ್ಷತೆ ಸಿಕ್ಕಿಕೊಂಡಿತ್ತು.

ಕಂಪ್ಯೂಟರಿಗೂ ತಾನೇ ಪೂಜೆ ಮಾಡಿದ್ದ ಅಜ್ಜಿ ಒಳಗಿನಿಂದ ಕೂಗಿದಳು, “ಎಂತ ಆತೇ ಅದಕ್ಕೆ? ಪೂಜೆ ದಿನ ಆನು ಮುಷ್ಟಿ ತುಂಬ ಅಕ್ಷತೆ ಹಾಕಿ ಕೈ ಮುಗಿದಿದ್ದಿ.”

“ಎಂತದೂ ಇಲ್ಲೆ ಅತ್ತೆ, ಧೂಳು.”

ಅಮ್ಮ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ, ಕಣ್ಣು ಮುಚ್ಚಿ ತನ್ನ ತಲೆಯ ಮೇಲೆ ಹಾಕಿಕೊಂಡಳು. ಆಮೇಲೆ ಸ್ವಿಚ್ಚು ಒತ್ತಿದಳು.